ಬರ್ಲಿನ್‌ಗೆ ಹೊರಟ ಇಬ್ಬರು ಹುಡುಗಿಯರಿಗೆ: ಎಲ್ಲಿ ಉಳಿಯೋದು, ಯಾವ ಸಂಜೆ ಎಲ್ಲಿಗೆ ಹೋಗೋದು

ಪ್ರಶ್ನೆ: ನನ್ನ ಊರು ದಾವಣಗೆರೆ ಹತ್ತಿರ, ಈಗ ಮ್ಯೂನಿಕ್‌ನಲ್ಲಿ ಕೆಲಸ. ಜುಲೈ ಕೊನೆಗೆ ನನ್ನ ಸಂಗಾತಿ ಬೆಂಗಳೂರಿನಿಂದ ಬರುತ್ತಿದ್ದಾಳೆ. ಇಬ್ಬರೂ ಗುರುವಾರದಿಂದ ಸೋಮವಾರದವರೆಗೆ ಬರ್ಲಿನ್‌ಗೆ ಹೋಗಿ ಅಲ್ಲಿನ ಪ್ರೈಡ್ ಮೆರವಣಿಗೆ ನೋಡಬೇಕು ಅಂತಿದ್ದೇವೆ. ಯಾವ ಏರಿಯಾದಲ್ಲಿ ರೂಮ್ ಮಾಡೋದು? ಒಂದೇ ಹಾಸಿಗೆಯ ರೂಮ್ ಕೇಳಿದರೆ ಏನಾದರೂ ಅಂತಾರಾ? ನೆಟ್‌ನಲ್ಲಿ ನೋಡಿದರೆ ಬರೀ ಗಂಡಸರ ಬಾರ್‌ಗಳೇ ಸಿಗುತ್ತಿವೆ, ಹೆಣ್ಣುಮಕ್ಕಳು ರಾತ್ರಿ ಹೋಗುವಂಥ ಜಾಗ ಇದೆಯಾ? ಇಬ್ಬರೂ ಕುಡಿಯೋದಿಲ್ಲ, ಸಸ್ಯಾಹಾರಿಗಳು. ಮನೆಯಲ್ಲಿ ನಮ್ಮ ವಿಷಯ ಗೊತ್ತಿಲ್ಲ, ನಮ್ಮ ಕಡೆಯವರು ಯಾರಾದರೂ ನೋಡಿಬಿಟ್ಟರೆ ಅನ್ನೋ ಭಯವೂ ಇದೆ.

ಉತ್ತರ: ನೀವು ಗಮನಿಸಿದ್ದು ಸರಿ. ಬರ್ಲಿನ್‌ನ ಗೇ ಏರಿಯಾ ಅಂತ ಹುಡುಕಿದರೆ ಮೊದಲು ಸಿಗೋದು ಗಂಡಸರ ಬಾರ್‌ಗಳೇ, ಅದರಲ್ಲಿ ಕೆಲವಕ್ಕೆ ಹೆಂಗಸರನ್ನು ಬಿಡೋದೇ ಇಲ್ಲ. ಆದರೆ ಹೆಣ್ಣುಮಕ್ಕಳಿಗೆ ಈ ಊರಿನಲ್ಲಿ ಜಾಗ ಕಡಿಮೆ ಅಂತ ಅಂದುಕೊಳ್ಳಬೇಡಿ. ಇಲ್ಲಿ ಎಷ್ಟೋ ಕಡೆ ಜಾಗ ಅದೇ ಇರುತ್ತೆ, ವಾರದ ದಿನ ಬದಲಾದರೆ ಬರುವ ಜನ ಬದಲಾಗುತ್ತಾರೆ. ಗುರುವಾರ ಪೂರ್ತಿ ಗಂಡು ಹುಡುಗರಿಂದ ತುಂಬಿರುವ ಬಾರ್‌ಗೇ ಮಂಗಳವಾರ ಹೋದರೆ ಸುತ್ತಮುತ್ತ ಹೆಣ್ಣುಮಕ್ಕಳೇ ಕಾಣಿಸುತ್ತಾರೆ. ಹಾಗಾಗಿ ಬಾರ್‌ಗಳ ಹೆಸರಿನ ಪಟ್ಟಿ ಮಾಡೋದಕ್ಕಿಂತ ಯಾವ ದಿನ ಎಲ್ಲಿ ಅಂತ ಬರೆದಿಟ್ಟುಕೊಳ್ಳೋದು ಮುಖ್ಯ. ಇದೇ ಕಾರಣಕ್ಕೆ ನಿಮ್ಮ ತಾರೀಕುಗಳನ್ನೇ ಸ್ವಲ್ಪ ಬದಲಾಯಿಸಿ ಅಂತ ಹೇಳೋಣ ಅನ್ನಿಸುತ್ತಿದೆ. ಗುರುವಾರದ ಬದಲು ಶುಕ್ರವಾರ ಬೆಳಿಗ್ಗೆ ಬನ್ನಿ, ಇನ್ನೊಂದು ದಿನ ರಜೆ ಸಿಕ್ಕರೆ ಬುಧವಾರ ಬೆಳಿಗ್ಗೆ ವಾಪಸ್ ಹೋಗಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಉಳಿಯೋಕೆ ಷೋನೆಬರ್ಗ್ ಅನ್ನೋದು ನನ್ನ ಸಲಹೆ. ನೊಲೆಂಡೋರ್ಫ್‌ಪ್ಲಾಟ್ಸ್ ಅನ್ನುವ ಮೆಟ್ರೋ ಸ್ಟೇಷನ್ ಇದೆ, ಯು1, ಯು2, ಯು3, ಯು4 ನಾಲ್ಕೂ ಲೈನ್ ಅಲ್ಲಿ ಸಿಗುತ್ತವೆ. ರಾತ್ರಿ ಸ್ಟೇಷನ್ನಿನ ಗುಮ್ಮಟಕ್ಕೆ ಕಾಮನಬಿಲ್ಲಿನ ಬಣ್ಣದ ದೀಪ ಹಾಕಿರುತ್ತಾರೆ, ದಾರಿ ತಪ್ಪಿದರೂ ಗುರುತು ಸಿಗುತ್ತೆ. ಅಲ್ಲಿಂದ ದಕ್ಷಿಣಕ್ಕೆ, ಪಶ್ಚಿಮಕ್ಕೆ ಹರಡಿರುವ ಮೋಟ್ಸ್ ಸ್ಟ್ರಾಸೆ, ಫುಗರ್ ಸ್ಟ್ರಾಸೆ, ಐಸೆನಾಖರ್ ಸ್ಟ್ರಾಸೆ, ಇವೇ ಹಳೆಯ ಗೇ ಬೀದಿಗಳು. ಆದರೆ ರೂಮನ್ನು ಬಾರ್‌ಗಳ ಮೇಲೆಯೇ ಮಾಡಬೇಡಿ. ಬೇಸಿಗೆಯಲ್ಲಿ ಜನ ಹೊರಗೆ ಫುಟ್‌ಪಾತ್ ಮೇಲೇ ಕೂತು ತಡರಾತ್ರಿವರೆಗೆ ಮಾತಾಡುತ್ತಾರೆ, ಜುಲೈನಲ್ಲಿ ಕಿಟಕಿ ಮುಚ್ಚಿ ಮಲಗೋದು ಕಷ್ಟ, ಹೆಚ್ಚಿನ ಹಳೆಯ ಹೋಟೆಲುಗಳಲ್ಲಿ ಎಸಿ ಇರೋದಿಲ್ಲ. ವಿಕ್ಟೋರಿಯಾ ಲೂಯಿಸೆ ಪ್ಲಾಟ್ಸ್ ಮತ್ತು ವಿಂಟರ್‌ಫೆಲ್ಟ್ ಪ್ಲಾಟ್ಸ್ ಇವೆರಡರ ನಡುವಿನ ಬೀದಿಗಳು ಚೆನ್ನಾಗಿವೆ. ಮರಗಳಿವೆ, ಸಂಸಾರವಂದಿಗರ ಮನೆಗಳಿವೆ, ಬಾರ್‌ಗಳಿಗೂ ನಡೆದೇ ಹೋಗಬಹುದು. ಇಬ್ಬರು ಹುಡುಗಿಯರು ಕೈ ಹಿಡಿದು ನಡೆದರೆ ತಿರುಗಿ ನೋಡುವವರೂ ಇಲ್ಲ.

ಗೇ ಹೋಟೆಲ್ ಅಂತಲೇ ಹೆಸರಾದದ್ದು ಆಕ್ಸೆಲ್. ಬಾರ್ಸಿಲೋನಾದಲ್ಲಿ ಶುರುವಾದ ಕಂಪನಿ, ಬರ್ಲಿನ್‌ನಲ್ಲಿ ಲೀಟ್ಸೆನ್‌ಬುರ್ಗರ್ ಸ್ಟ್ರಾಸೆಯಲ್ಲಿದೆ. ಹೆಂಗಸರಿಗೂ ಸ್ವಾಗತ ಇದೆ, ಆದರೆ ಅಲ್ಲಿನ ವಾತಾವರಣ ಗಂಡಸರದ್ದು, ನಿಮಗೆ ಅಂಥ ಉಪಯೋಗ ಕಾಣೋದಿಲ್ಲ. ಮಾಮೂಲಿ ಹೋಟೆಲ್ಲೇ ಸಾಕು. ಒಂದೇ ಹಾಸಿಗೆ ಕೇಳೋದರ ಬಗ್ಗೆ ನಿಮಗಿರುವ ಅಳುಕು ನನಗೆ ಅರ್ಥವಾಗುತ್ತೆ, ನಮ್ಮಲ್ಲಿ ರಿಸೆಪ್ಷನ್‌ನವರು ಎರಡೂ ಐಡಿ ಕಾರ್ಡ್ ನೋಡಿ ಮುಖ ನೋಡೋದನ್ನು ಅನುಭವಿಸಿದವರಿಗೆ ಆ ಕೌಂಟರ್ ಮುಂದೆ ನಿಂತಾಗ ಎದೆ ಹೊಡೆದುಕೊಳ್ಳೋದು ಎಲ್ಲಿ ಹೋದರೂ ಬೇಗ ಬಿಡೋದಿಲ್ಲ. ಇಲ್ಲಿ 2006ರಿಂದ ಸಮಾನತೆಯ ಕಾಯ್ದೆ ಇದೆ. ಲೈಂಗಿಕತೆಯ ಕಾರಣ ಕೊಟ್ಟು ಹೋಟೆಲ್‌ನವರು ರೂಮ್ ನಿರಾಕರಿಸುವ ಹಾಗಿಲ್ಲ. ಬುಕ್ ಮಾಡುವಾಗಲೇ ಡಬಲ್ ರೂಮ್ ಅಂತ ಹಾಕಿ, ಇಬ್ಬರ ಹೆಸರೂ ಕೊಡಿ. ವಿದೇಶಿಯರು ಚೆಕ್ ಇನ್ ಮಾಡುವಾಗ ಈಗಲೂ ಒಂದು ಫಾರ್ಮ್ ತುಂಬಬೇಕು, ಪಾಸ್‌ಪೋರ್ಟ್ ಕೇಳುತ್ತಾರೆ. ಅದು ವಿದೇಶಿಯರೆಲ್ಲರಿಗೂ ಇರೋದು, ನಿಮ್ಮನ್ನು ನೋಡಿ ಕೇಳಿದ್ದು ಅಂತ ಗಾಬರಿಯಾಗಬೇಡಿ. ಜರ್ಮನ್ ಡಬಲ್ ಬೆಡ್ ಅಂದರೆ ಎಷ್ಟೋ ಸಲ ಒಂದೇ ಮಂಚ, ಎರಡು ಬೇರೆ ಬೇರೆ ಹಾಸಿಗೆ, ಎರಡು ಹೊದಿಕೆ. ಅದೂ ಎಲ್ಲರಿಗೂ ಹಾಗೇ, ನೀವು ಮ್ಯೂನಿಕ್‌ನಲ್ಲಿ ನೋಡಿರುತ್ತೀರಿ.

ರೂಮ್ ದರದ ಮೇಲೆ ಶೇ. 7.5 ಸಿಟಿ ಟ್ಯಾಕ್ಸ್ ಬೀಳುತ್ತೆ, ಅದನ್ನೂ ಲೆಕ್ಕ ಹಾಕಿ. ಮನೆ ಬಾಡಿಗೆಗೆ ಹಿಡಿಯುವುದಾದರೆ ಜಾಹೀರಾತಿನಲ್ಲಿ ನೋಂದಣಿ ಸಂಖ್ಯೆ ಇದೆಯಾ ನೋಡಿ. ವಾಸದ ಮನೆಗಳನ್ನು ಪ್ರವಾಸಿಗರಿಗೆ ಕೊಡೋದರ ಮೇಲೆ ಬರ್ಲಿನ್‌ನಲ್ಲಿ ಬಿಗಿ ನಿಯಮ ಇದೆ, ಸಂಖ್ಯೆ ಇಲ್ಲದ ಕಡೆ ದುಡ್ಡು ಕಟ್ಟಬೇಡಿ. ಪ್ರೈಡ್ ವಾರಕ್ಕೆ ಷೋನೆಬರ್ಗ್ ಬಹಳ ಬೇಗ ತುಂಬುತ್ತೆ. ಅಲ್ಲಿ ಸಿಗದಿದ್ದರೆ ಪ್ರೆನ್ಸ್‌ಲಾವರ್ ಬರ್ಗ್ ನೋಡಿ, ಷೋನ್‌ಹೌಸರ್ ಅಲೆ ಸ್ಟೇಷನ್ ಆಸುಪಾಸಿನಲ್ಲಿ. ಅದು ಹಳೆಯ ಪೂರ್ವ ಬರ್ಲಿನ್. ಈಗ ಮಕ್ಕಳೊಂದಿಗರು, ಕಾಫಿ ಅಂಗಡಿಗಳು ಜಾಸ್ತಿ, ರಾತ್ರಿ ಬೇಗ ಮಲಗುವ ಏರಿಯಾ. ಅಲ್ಲೇ ಸೋನ್‌ಟಾಗ್ಸ್ ಕ್ಲಬ್ ಇದೆ, ಪೂರ್ವ ಜರ್ಮನಿಯ ಕಾಲದಲ್ಲೇ ಕ್ವೀರ್ ಜನ (ಲೆಸ್ಬಿಯನ್, ಗೇ, ಟ್ರಾನ್ಸ್ ಮುಂತಾದವರು) ಕಟ್ಟಿಕೊಂಡ ಗುಂಪಿನಿಂದ ಬೆಳೆದದ್ದು. ಅವರ ಕೆಫೆಯಲ್ಲಿ ಸುಮ್ನೆ ಚಹಾ ಕುಡಿಯುತ್ತಾ ಕೂರಬಹುದು.

ಷೋನೆಬರ್ಗ್‌ನಲ್ಲಿ ಉಳಿಯಿರಿ ಅನ್ನೋಕೆ ಇನ್ನೊಂದು ಕಾರಣ ಇದೆ, ನನಗೆ ಅದೇ ದೊಡ್ಡದು. ಈ ಬೀದಿಗಳಲ್ಲಿ ಹೆಂಗಸರ ಚರಿತ್ರೆಯೂ ಇದೆ, ಪ್ರವಾಸಿ ನಕ್ಷೆಗಳಲ್ಲಿ ಅದು ಮರೆಯಾಗಿರುತ್ತೆ ಅಷ್ಟೇ. 1920ರ ದಶಕದಲ್ಲಿ ಇಲ್ಲಿ ಹೆಣ್ಣುಮಕ್ಕಳದ್ದೇ ಡ್ಯಾನ್ಸ್ ಹಾಲ್‌ಗಳಿದ್ದವು, ಕ್ಲಬ್‌ಗಳಿದ್ದವು. 1924ರಿಂದ 1933ರವರೆಗೆ 'ದಿ ಫ್ರಾಯಿಂಡಿನ್' ಅನ್ನುವ ಲೆಸ್ಬಿಯನ್ ಪತ್ರಿಕೆ ಬರ್ಲಿನ್‌ನಿಂದ ಬರುತ್ತಿತ್ತು. ಯೋಚನೆ ಮಾಡಿ, ನೂರು ವರ್ಷದ ಹಿಂದೆ! ಮೋಟ್ಸ್ ಸ್ಟ್ರಾಸೆಯಲ್ಲಿ ಎಲ್ಡೊರಾಡೊ ಅನ್ನುವ ಪ್ರಖ್ಯಾತ ಕ್ಲಬ್ ಇದ್ದ ಜಾಗದಲ್ಲಿ ಆಮೇಲೆ ಸಾವಯವ ದಿನಸಿ ಅಂಗಡಿ ಬಂತು. ನಾಜಿಗಳು ಬಂದ ಮೇಲೆ ಎಲ್ಲಾ ಮುಚ್ಚಿಸಿದರು. ಸಲಿಂಗಕಾಮವನ್ನು ಅಪರಾಧ ಅನ್ನುತ್ತಿದ್ದ ಇಲ್ಲಿನ 175ನೇ ಕಲಂ ಗಂಡಸರಿಗೆ ಮಾತ್ರ ಇತ್ತು, ಅದನ್ನು ಪೂರ್ತಿ ತೆಗೆದದ್ದು 1994ರಲ್ಲಿ. ಹೆಂಗಸರ ಮೇಲೆ ಆ ಕಲಂ ಇರಲಿಲ್ಲ ಅಂದ ಮಾತ್ರಕ್ಕೆ ಅವರನ್ನು ಬಿಟ್ಟರು ಅಂತಲ್ಲ. ಹೆಂಗಸರ ಕ್ಲಬ್ ನಡೆಸುತ್ತಿದ್ದ ಯಹೂದಿ ಮೂಲದ ಮಹಿಳೆ ಎಲ್ಸಾ ಕಾನ್ರಾಡ್ ಅವರನ್ನು 1935ರಲ್ಲಿ ಬಂಧಿಸಿದರು, ಆಮೇಲೆ 1937ರಲ್ಲಿ ಮೋರಿಂಗೆನ್ ಅನ್ನುವ ಸೆರೆ ಶಿಬಿರಕ್ಕೆ ಹಾಕಿದರು, ಕೊನೆಗೆ ದೇಶ ಬಿಟ್ಟು ಆಫ್ರಿಕಾಕ್ಕೆ ಹೋಗಬೇಕಾಯಿತು.

ಐಸೆನಾಖರ್ ಸ್ಟ್ರಾಸೆ ಮತ್ತು ವಿಂಟರ್‌ಫೆಲ್ಟ್ ಸ್ಟ್ರಾಸೆ ಸೇರುವ ಮೂಲೆಯಲ್ಲಿ ಒಂದು ಸ್ಮಾರಕ ಇದೆ, ತಪ್ಪದೆ ನೋಡಿ. ಹಿಲ್ಡೆ ರಾದುಶ್ ಅಂತ, ಕಮ್ಯುನಿಸ್ಟ್ ಹೋರಾಟಗಾರ್ತಿ, ನಾಜಿಗಳ ಕಾಲದಲ್ಲಿ ಜೈಲು ಕಂಡವರು, ಹೆಣ್ಣನ್ನು ಪ್ರೀತಿಸಿದವರು. 1974ರಲ್ಲಿ, ತಮ್ಮ ಎಪ್ಪತ್ತರ ವಯಸ್ಸಿನಲ್ಲಿ, ವಯಸ್ಸಾದ ಲೆಸ್ಬಿಯನ್ ಹೆಂಗಸರಿಗಾಗಿ ಎಲ್74 ಅನ್ನುವ ಗುಂಪು ಕಟ್ಟಿದವರಲ್ಲಿ ಅವರೂ ಒಬ್ಬರು. ಅಲ್ಲಿಂದ ಷೋನೆಬರ್ಗ್ ಪುರಭವನ ದೂರ ಇಲ್ಲ. ಜರ್ಮನಿಯಲ್ಲಿ ಸಲಿಂಗಿಗಳ ಮದುವೆ ಕಾನೂನುಬದ್ಧವಾದ ದಿನ, 2017ರ ಅಕ್ಟೋಬರ್ 1ರಂದು, ಮೊದಲ ಜೋಡಿ ಮದುವೆಯಾದದ್ದು ಆ ಕಟ್ಟಡದಲ್ಲೇ. ನಮ್ಮಲ್ಲಿ ಸಲಿಂಗಕಾಮವನ್ನು 377ನೇ ಕಲಂ ಅಡಿ ಅಪರಾಧ ಅನ್ನೋದು 2018ರಲ್ಲಿ ಹೋಯಿತು, 2023ರಲ್ಲಿ ಮದುವೆಯ ಹಕ್ಕಿಗೆ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಆ ಮೆಟ್ಟಿಲ ಮೇಲೆ ನಿಂತಾಗ ನಿಮಗೆ ಏನೇನು ಅನ್ನಿಸುತ್ತೋ, ಅದಕ್ಕೆ ಸ್ವಲ್ಪ ಹೊತ್ತು ಇಟ್ಟುಕೊಳ್ಳಿ, ಓಡೋಡಿ ನೋಡಬೇಡಿ.

ಈಗ ಸಂಜೆಗಳು. ಶುಕ್ರವಾರ ಬೆಳಿಗ್ಗೆ ಬಂದರೆ ಸಾಕು ಅಂದೆನಲ್ಲ, ಆ ಸಂಜೆ ಡೈಕ್ ಮಾರ್ಚ್ ಇದೆ. ದೊಡ್ಡ ಪ್ರೈಡ್ ಹಿಂದಿನ ಸಂಜೆ ಲೆಸ್ಬಿಯನ್ ಹೆಂಗಸರದ್ದೇ ಮೆರವಣಿಗೆ ನಡೆಯುತ್ತೆ, 2013ರಿಂದ. ಕಂಪನಿಗಳ ಲಾರಿ, ಬ್ಯಾನರ್ ಗದ್ದಲ ಇರೋದಿಲ್ಲ. ಹುಡುಗಿಯರು, ಮಧ್ಯವಯಸ್ಸಿನವರು, ಬಿಳಿ ಕೂದಲಿನ ಅಜ್ಜಿಯರು ಒಟ್ಟಿಗೆ ನಡೆಯುತ್ತಾರೆ. ಬರ್ಲಿನ್‌ನಲ್ಲಿ ನಿಮ್ಮಂಥ ಜೋಡಿಗೆ ಒಂದೇ ಒಂದು ಸಂಜೆ ಅಂತ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಕುಡಿಯಬೇಕಿಲ್ಲ, ಟಿಕೆಟ್ ಇಲ್ಲ, ಯಾರೂ ಬಾಗಿಲಲ್ಲಿ ನಿಂತು ತಡೆಯೋದಿಲ್ಲ. ಹೊರಡುವ ಜಾಗ, ಹೊತ್ತು ಆ ವರ್ಷದ್ದು ನೋಡಿಕೊಳ್ಳಿ.

ಶನಿವಾರದ್ದು ದೊಡ್ಡದು. ಇಲ್ಲಿ ಪ್ರೈಡ್ ಅನ್ನೋದಿಲ್ಲ, ಕ್ರಿಸ್ಟೋಫರ್ ಸ್ಟ್ರೀಟ್ ಡೇ, ಚಿಕ್ಕದಾಗಿ ಸಿಎಸ್‌ಡಿ ಅಂತಾರೆ, ಬೋರ್ಡುಗಳಲ್ಲಿ ಹಾಗೇ ಹುಡುಕಿ. ಬರ್ಲಿನ್‌ನಲ್ಲಿ ಮೊದಲನೆಯದು 1979ರಲ್ಲಿ ನಡೆಯಿತು. ಈಗ ಲಕ್ಷಗಟ್ಟಲೆ ಜನ ಸೇರುತ್ತಾರೆ. ಬೆಂಗಳೂರಿನ ನಮ್ಮ ಪ್ರೈಡ್ ನೋಡಿದ್ದರೆ ನಿಮ್ಮ ಸಂಗಾತಿಗೆ ಇದರ ಅಳತೆಯೇ ಬೇರೆ ಅನ್ನಿಸುತ್ತೆ. ಮೆರವಣಿಗೆ ಸಾಮಾನ್ಯವಾಗಿ ನೊಲೆಂಡೋರ್ಫ್‌ಪ್ಲಾಟ್ಸ್ ಮೇಲೇ ಹಾದು ಬ್ರಾಂಡೆನ್‌ಬುರ್ಗ್ ಗೇಟ್ ಕಡೆಗೆ ಹೋಗುತ್ತೆ, ಅಂದರೆ ಷೋನೆಬರ್ಗ್‌ನಲ್ಲಿ ರೂಮ್ ಇದ್ದರೆ ಅದೇ ನಿಮ್ಮ ಹತ್ತಿರ ಬಂದ ಹಾಗೆ. ಬೆಳಿಗ್ಗೆ ಮೊದಲು ವಿಂಟರ್‌ಫೆಲ್ಟ್ ಪ್ಲಾಟ್ಸ್ ಸಂತೆಗೆ ಹೋಗಿ ಹೊಟ್ಟೆ ತುಂಬಿಸಿಕೊಳ್ಳಿ, ಬುಧವಾರ ಮತ್ತು ಶನಿವಾರ ನಡೆಯುತ್ತೆ. ಪಾಲಕ್, ಚೀಸ್ ಹಾಕಿ ಕಾವಲಿ ಮೇಲೆ ಬೇಯಿಸುವ ಟರ್ಕಿಯ ಗ್ಯೋಜ್ಲೆಮೆ, ಫಲಾಫಲ್, ಹಣ್ಣು, ಎಲ್ಲಾ ಸಿಗುತ್ತೆ. ಸಸ್ಯಾಹಾರದ ಚಿಂತೆ ಬರ್ಲಿನ್‌ನಲ್ಲಿ ಬಿಟ್ಟುಬಿಡಿ, ಮ್ಯೂನಿಕ್‌ಗಿಂತ ಸುಲಭ. ನೀರಿನ ಬಾಟಲಿ, ಟೋಪಿ ಇಟ್ಟುಕೊಳ್ಳಿ. ಹಿಂದಿನ ವಾರಾಂತ್ಯವೇ ನೊಲೆಂಡೋರ್ಫ್‌ಪ್ಲಾಟ್ಸ್ ಸುತ್ತ ಬೀದಿ ಜಾತ್ರೆಯೂ ಇರುತ್ತೆ, 1993ರಿಂದ ನಡೆದು ಬಂದದ್ದು. ರಜೆ ಕಡಿಮೆ ಇದ್ದರೆ ಎರಡರಲ್ಲಿ ಸಿಎಸ್‌ಡಿ ವಾರವನ್ನೇ ಆರಿಸಿಕೊಳ್ಳಿ.

ಶನಿವಾರ ರಾತ್ರಿ ಕುಣಿಯುವ ಮನಸ್ಸಿದ್ದರೆ ಕ್ರೊಯ್ಟ್ಸ್‌ಬರ್ಗ್‌ಗೆ ಹೋಗಿ. ಒರಾನಿಯೆನ್ ಸ್ಟ್ರಾಸೆಯಲ್ಲಿ ಎಸ್‌ಓ36 ಅನ್ನುವ ಹಳೆಯ ಪಂಕ್ ಕ್ಲಬ್ ಇದೆ. ಅಲ್ಲಿ ತಿಂಗಳ ಕೊನೆಯ ಶನಿವಾರ ಗೇಹಾನೆ ಅನ್ನುವ ಪಾರ್ಟಿ ನಡೆದುಕೊಂಡು ಬಂದಿದೆ, ಟರ್ಕಿ ಮತ್ತು ಅರಬ್ ಮೂಲದ ಕ್ವೀರ್ ಜನ 1990ರ ದಶಕದಲ್ಲಿ ಶುರು ಮಾಡಿದ್ದು. ಟರ್ಕಿಶ್, ಅರೇಬಿಕ್ ಹಾಡುಗಳಿಗೆ ಜನ ಸೊಂಟ ಕುಣಿಸುತ್ತಾರೆ, ಕೈ ಮೇಲೆತ್ತಿ ಕುಣಿಯುತ್ತಾರೆ. ಟೆಕ್ನೋ ಹಿಡಿಸದ ನಮ್ಮವರಿಗೆ ಇದು ಒಗ್ಗುತ್ತೆ. ಅದಕ್ಕಿಂತ ಹೆಚ್ಚಾಗಿ, ಮನೆಯವರ ಭಯ, ಮರ್ಯಾದೆ ಅನ್ನುವ ಮಾತು, ಹಬ್ಬಕ್ಕೆ ಒಬ್ಬಳೇ ಊರಿಗೆ ಹೋಗುವ ಸಂಕಟ, ಇದನ್ನೆಲ್ಲ ವಿವರಿಸದೆಯೇ ಅರ್ಥ ಮಾಡಿಕೊಳ್ಳುವ ಜನ ಅಲ್ಲಿ ಸಿಗುತ್ತಾರೆ. ನೀವು ಬರುವ ಶನಿವಾರ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ.

ಬೆರ್ಘೈನ್ ಬಗ್ಗೆ ನೀವು ಕೇಳಿಲ್ಲ, ಆದರೆ ಎಲ್ಲರೂ ಕೊನೆಗೆ ಕೇಳುತ್ತಾರೆ. ಹಳೆಯ ವಿದ್ಯುತ್ ಸ್ಥಾವರದಲ್ಲಿ 2004ರಲ್ಲಿ ಶುರುವಾದ ಟೆಕ್ನೋ ಕ್ಲಬ್, ಗೇ ಜನರ ಪಾರ್ಟಿಗಳಿಂದಲೇ ಬೆಳೆದದ್ದು. ಗಂಟೆಗಟ್ಟಲೆ ಸಾಲು, ಬಾಗಿಲಲ್ಲಿ ಬೇಡ ಅಂದರೆ ಬೇಡ, ಕಾರಣ ಹೇಳೋದಿಲ್ಲ. ನಾಲ್ಕೈದು ದಿನದ ಪ್ರವಾಸದಲ್ಲಿ ಒಂದು ರಾತ್ರಿಯನ್ನು ಆ ಸಾಲಿಗೆ ಕೊಡೋದು ನನಗೆ ಸರಿ ಕಾಣೋದಿಲ್ಲ. ಷ್ವೂಟ್ಸ್ ಅನ್ನುವ ಕ್ಲಬ್ಬಿನ ಹೆಸರು ಹಳೆಯ ಪಟ್ಟಿಗಳಲ್ಲೆಲ್ಲ ಮೊದಲು ಬರುತ್ತೆ, 1977ರಿಂದ ಇದ್ದದ್ದು, 2025ರ ನವೆಂಬರ್‌ನಲ್ಲಿ ಮುಚ್ಚಿತು. ಬಹಳ ಜನರ ಮೊದಲ ಕುಣಿತ, ಮೊದಲ ಪ್ರೀತಿ ಅಲ್ಲೇ ಆಗಿತ್ತು, ಬಾಡಿಗೆ ಖರ್ಚು ಎಲ್ಲಾ ಏರಿ ಇಂಥ ಜಾಗಗಳು ಒಂದೊಂದಾಗಿ ಹೋಗುತ್ತಿರೋದು ನನಗೆ ನಿಜಕ್ಕೂ ನೋವು. ಅದಕ್ಕೇ ಯಾವ ಜಾಗಕ್ಕೆ ಹೊರಟರೂ ಆ ವಾರ ತೆರೆದಿದೆಯಾ ಅಂತ ನೋಡಿಕೊಂಡೇ ಹೊರಡಿ.

ಭಾನುವಾರ ತಡವಾಗಿ ಏಳಿ. ಟಿಯರ್‌ಗಾರ್ಟನ್ ಪಾರ್ಕಿನಲ್ಲಿ ನಾಜಿ ಕಾಲದಲ್ಲಿ ಹಿಂಸೆಗೆ ಒಳಗಾದ ಸಲಿಂಗಿಗಳ ಸ್ಮಾರಕ ಇದೆ, 2008ರದ್ದು. ಬೂದು ಕಾಂಕ್ರೀಟಿನ ದೊಡ್ಡ ಪೆಟ್ಟಿಗೆ, ಅದರ ಕಿಟಕಿಯಲ್ಲಿ ಇಣುಕಿದರೆ ಮುತ್ತಿಡುವ ಜೋಡಿಯ ವಿಡಿಯೋ. ಮೊದಲು ಗಂಡಸರ ಜೋಡಿ ಮಾತ್ರ ಇತ್ತು, ಹೆಂಗಸರು ಜಗಳವಾಡಿದರು, ಆಮೇಲೆ ಹೆಂಗಸರ ಜೋಡಿಗಳೂ ಬಂದವು. ಸೋಮವಾರ ಲ್ಯೂಟ್ಸೋವ್ ಸ್ಟ್ರಾಸೆಯ ಷ್ವೂಲೆಸ್ ಮ್ಯೂಸಿಯಂಗೆ ಹೋಗಿ, ಸಲಿಂಗಿಗಳ ಚರಿತ್ರೆಯದ್ದು, 1985ರಲ್ಲಿ ಶುರುವಾದದ್ದು. ಮಂಗಳವಾರ ರಜೆ ಇರುತ್ತೆ, ಅದಕ್ಕೇ ಸೋಮವಾರ ಅಂದೆ. ಓದುವ ಹುಚ್ಚಿದ್ದರೆ ಸ್ಪಿನ್‌ಬೋಡೆನ್ ಅನ್ನುವ ಲೆಸ್ಬಿಯನ್ ದಾಖಲೆ ಸಂಗ್ರಹ ಇದೆ, 1973ರಿಂದ ಪತ್ರ, ಪತ್ರಿಕೆ, ಪೋಸ್ಟರ್ ಎಲ್ಲಾ ಕೂಡಿಟ್ಟಿದ್ದಾರೆ. ಮೊದಲೇ ಮೇಲ್ ಮಾಡಿ ಹೋಗಿ. ಸಂಜೆ ಪೋಟ್ಸ್‌ಡಾಮರ್ ಸ್ಟ್ರಾಸೆಯ ಬೆಗೀನೆ ನೋಡಬಹುದು. 1980ರ ದಶಕದಿಂದ ಇರುವ ಹೆಂಗಸರ ಕೆಫೆ, ಗಂಡಸರಿಗೆ ಪ್ರವೇಶ ಇಲ್ಲ. ಹಾಡು, ಮಾತುಕತೆ, ಕಾರ್ಡ್ಸ್ ಆಟ ಇರುತ್ತೆ, ಬರುವವರಲ್ಲಿ ಸ್ವಲ್ಪ ಹಿರಿಯರು ಜಾಸ್ತಿ. ನನಗೆ ಅದೇ ಇಷ್ಟ. ಇಬ್ಬರು ಹೆಂಗಸರು ಮೂವತ್ತು ವರ್ಷ ಒಟ್ಟಿಗೆ ಬಾಳಿರೋದನ್ನು ಕಣ್ಣಾರೆ ನೋಡುವ ಅವಕಾಶ ನಮ್ಮ ಊರುಗಳಲ್ಲಿ ಎಷ್ಟು ಜನಕ್ಕೆ ಸಿಕ್ಕಿದೆ ಹೇಳಿ?

ಮಂಗಳವಾರ ಇದ್ದರೆ ಮಧ್ಯಾಹ್ನ ಮಾಯ್‌ಬಾಖ್ ಉಫರ್ ಕಾಲುವೆ ದಂಡೆಯ ಟರ್ಕಿಶ್ ಸಂತೆ, ಕೊತ್ತಂಬರಿ, ಬೆಂಡೆಕಾಯಿ, ಮೆಣಸಿನಕಾಯಿ ಎಲ್ಲಾ ರಾಶಿ ಹಾಕಿರುತ್ತಾರೆ. ಅಲ್ಲಿಂದ ನಡೆದು ಕಾಟ್‌ಬುಸರ್ ಟೋರ್ ಹತ್ತಿರದ ಸ್ಯೂಡ್‌ಬ್ಲಾಕ್ ಅನ್ನುವ ಕೆಫೆಯಲ್ಲಿ ಹೊರಗೆ ಕೂತು ನಿಂಬೆ ಶರಬತ್ತು ಕುಡಿಯಿರಿ. ಕತ್ತಲಾದ ಮೇಲೆ ಪಕ್ಕದಲ್ಲೇ ಮ್ಯೋಬೆಲ್ ಓಲ್ಫೆ. ಹಳೆಯ ಪೀಠೋಪಕರಣದ ಅಂಗಡಿ ಬಾರ್ ಆದದ್ದು. ನಾನು ಶುರುವಿನಲ್ಲಿ ಹೇಳಿದ ಬಾರ್ ಇದೇ: ಗುರುವಾರ ಗಂಡಸರು, ಮಂಗಳವಾರ ಹೆಂಗಸರು. ಒಳಗೆ ಹೊಗೆ ಜಾಸ್ತಿ, ಅದು ಆಗದಿದ್ದರೆ ಬಾಗಿಲ ಬಳಿ ನಿಲ್ಲಿ. ಬರ್ಲಿನ್ ಬಾರ್‌ಗಳಲ್ಲಿ ಕುಡಿಯದವರನ್ನು ಯಾರೂ ವಿಚಿತ್ರವಾಗಿ ನೋಡೋದಿಲ್ಲ, ಆಪಲ್ ಜ್ಯೂಸ್‌ಗೆ ಸೋಡಾ ಬೆರೆಸಿ ಕೊಡುವ ಶೋರ್ಲೆ ಕೇಳಿ, ಅಥವಾ ಕ್ಲಬ್ ಮಾಟೆ ಅನ್ನುವ ಮದ್ಯವಿಲ್ಲದ ತಂಪು ಪಾನೀಯ. ಕ್ಯಾಶ್ ಇಟ್ಟುಕೊಳ್ಳಿ, ಎಷ್ಟೋ ಕಡೆ ಕಾರ್ಡ್ ನಡೆಯೋದಿಲ್ಲ.

ಸುರಕ್ಷತೆಯ ವಿಷಯ ಮುಚ್ಚಿಡೋದಿಲ್ಲ. ಕ್ವೀರ್ ಜನರ ಮೇಲೆ ಬೈಗುಳ, ಹಲ್ಲೆ ಬರ್ಲಿನ್‌ನಲ್ಲೂ ನಡೆಯುತ್ತೆ. ಅದರ ಜೊತೆಗೆ ನಮ್ಮದು ಕಂದು ಬಣ್ಣ. ಕಾಟ್‌ಬುಸರ್ ಟೋರ್, ಅಲೆಕ್ಸಾಂಡರ್‌ಪ್ಲಾಟ್ಸ್, ವಾರ್‌ಶೌವರ್ ಸೇತುವೆ ಇಲ್ಲೆಲ್ಲ ತಡರಾತ್ರಿ ಕುಡಿದವರು, ಕಿಸೆಗಳ್ಳರು ಇರುತ್ತಾರೆ. ಅಲ್ಲಿ ನಿಲ್ಲದೆ ಮುಂದೆ ಹೋಗಿ. ಶುಕ್ರವಾರ, ಶನಿವಾರ ಮೆಟ್ರೋ ಇಡೀ ರಾತ್ರಿ ಓಡುತ್ತೆ, ಬೇರೆ ದಿನ ಮಧ್ಯರಾತ್ರಿ ದಾಟಿದ ಮೇಲೆ ರಾತ್ರಿ ಬಸ್. ಖಾಲಿ ಬೋಗಿ ಬಿಟ್ಟು ಜನ ಇರುವ ಬೋಗಿ ಹತ್ತಿ. ಏನಾದರೂ ಆದರೆ 110ಕ್ಕೆ ಫೋನ್ ಮಾಡಿ. ಬರ್ಲಿನ್ ಪೊಲೀಸರಲ್ಲಿ ಕ್ವೀರ್ ಜನರ ದೂರು ನೋಡಿಕೊಳ್ಳೋಕೇ ಅಧಿಕಾರಿಗಳಿದ್ದಾರೆ. ಮನಸ್ಸು ಹಗುರ ಮಾಡಿಕೊಳ್ಳೋಕೆ, ಸಲಹೆಗೆ ಷೋನೆಬರ್ಗ್‌ನಲ್ಲೇ ಲೆಸ್ಬಿಯನ್ ಸಲಹಾ ಕೇಂದ್ರ ಇದೆ, ಲೆಸ್ಬೆನ್‌ಬೆರಾಟುಂಗ್ ಅಂತ. ವಲಸೆ ಬಂದವರ ಕಷ್ಟ ಅವರಿಗೆ ಗೊತ್ತು.

ಇನ್ನು ನಮ್ಮ ಕಡೆಯವರ ಭಯ. ಇದನ್ನು ಹಗುರವಾಗಿ ತಗೊಳ್ಳಬೇಡಿ. ಬರ್ಲಿನ್‌ನಲ್ಲಿ ಕನ್ನಡದವರು ಕಡಿಮೆ ಇಲ್ಲ, ಐಟಿಯವರು, ಓದೋಕೆ ಬಂದವರು. ರೈಲಿನಲ್ಲಿ ಯಾರಿಗೂ ಗೊತ್ತಾಗೋದಿಲ್ಲ ಅಂದುಕೊಂಡು ಕನ್ನಡದಲ್ಲಿ ಮನೆ ವಿಷಯ ಮಾತಾಡಿದರೆ ಹಿಂದಿನ ಸೀಟಿನವರಿಗೆ ಪೂರ್ತಿ ಅರ್ಥವಾಗಬಹುದು. ದೊಡ್ಡ ಅಪಾಯ ಫೋಟೋದಲ್ಲಿದೆ. ಎಷ್ಟೋ ಕ್ಲಬ್‌ಗಳಲ್ಲಿ ಮೊಬೈಲ್ ಕ್ಯಾಮೆರಾಕ್ಕೆ ಸ್ಟಿಕ್ಕರ್ ಅಂಟಿಸಿಬಿಡುತ್ತಾರೆ, ಅಲ್ಲಿ ಚಿಂತೆ ಇಲ್ಲ. ಸಿಎಸ್‌ಡಿಯಲ್ಲಿ ಮಾತ್ರ ಪತ್ರಿಕೆಯವರಿಂದ ಹಿಡಿದು ಪ್ರವಾಸಿಗರವರೆಗೆ ಎಲ್ಲರೂ ತೆಗೆಯುತ್ತಾರೆ, ಸೀರೆ ಉಟ್ಟು ಹೋದರಂತೂ ಕ್ಯಾಮೆರಾಗಳು ನಿಮ್ಮ ಕಡೆಗೇ ತಿರುಗುತ್ತವೆ. ದೊಡ್ಡ ಕನ್ನಡಕ, ಟೋಪಿ, ಮುಖಕ್ಕೆ ಬಣ್ಣ, ಇವು ಅಲ್ಲಿ ಸಹಜ, ಹಾಕಿಕೊಳ್ಳಿ. ರಸ್ತೆ ನಡುವಿನ ಲಾರಿಗಳ ಹತ್ತಿರ ಬೇಡ, ಬದಿಯ ಫುಟ್‌ಪಾತ್‌ನಲ್ಲಿ ನಡೆಯಿರಿ. ಫೋಟೋಗಳು ತಾನೇ ಮನೆಯವರ ಜೊತೆ ಹಂಚಿಕೊಂಡ ಆಲ್ಬಮ್‌ಗೆ ಹೋಗುವ ಹಾಗಿದ್ದರೆ ಹೊರಡುವ ಮೊದಲೇ ಆಫ್ ಮಾಡಿ, ಇಬ್ಬರ ಫೋನ್‌ನಲ್ಲೂ. ಲೊಕೇಶನ್ ಕೂಡ. ಮನೆಗೆ ಹೇಳೋದಾದರೆ ಗೆಳತಿ ಜೊತೆ ಬರ್ಲಿನ್ ನೋಡೋಕೆ ಹೋಗಿದ್ದೆ ಅಂತ ಹೇಳಿ, ಗೋಡೆ, ಗೇಟ್, ಮ್ಯೂಸಿಯಂ ಫೋಟೋ ಕಳಿಸಿ. ಯಾವಾಗ ಪೂರ್ತಿ ಹೇಳಬೇಕು ಅನ್ನೋದು ನಿಮ್ಮಿಬ್ಬರ ತೀರ್ಮಾನ, ಇಲ್ಲಿನ ಗೆಳೆಯರು ಯಾರಾದರೂ ಹೇಳಿಬಿಡು ಅಂತ ಒತ್ತಾಯ ಮಾಡಿದರೆ ಕೇಳಬೇಡಿ. ನಿಮ್ಮ ಮನೆ ನಿಮಗೆ ಗೊತ್ತು.

ರೈಲು ಮ್ಯೂನಿಕ್‌ನಿಂದ ನಾಲ್ಕರಿಂದ ನಾಲ್ಕೂವರೆ ಗಂಟೆ. ಬಹಳ ಗಾಡಿಗಳು ಸ್ಯೂಡ್‌ಕ್ರೊಯ್ಟ್ಸ್‌ನಲ್ಲಿ ನಿಲ್ಲುತ್ತವೆ, ಷೋನೆಬರ್ಗ್‌ಗೆ ಅದೇ ಹತ್ತಿರ, ಮುಖ್ಯ ಸ್ಟೇಷನ್‌ವರೆಗೆ ಹೋಗಬೇಕಿಲ್ಲ. ಪ್ರೈಡ್ ವಾರಾಂತ್ಯದಲ್ಲಿ ಗಾಡಿ ತುಂಬಿರುತ್ತೆ, ಅಕ್ಕಪಕ್ಕದ ಎರಡು ಸೀಟು ಈಗಲೇ ಕಾಯ್ದಿರಿಸಿ.